ಚಾ ಕುಡಿದ ಮೊಟ್ಟೆ

ಕೈ ಚಾಚಿದರೆ ಕೆಂಪಿ ಕೂತುಬಿಡುತ್ತದೆ ಎಂದು ಯತೀಶನಿಗೆ ಗೊತ್ತಿತ್ತು. ಅದಕ್ಕೇ ಅವನು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಅಂಗಳದ ತುದಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದ. ಗಂಟೆ ಎಂಟೂವರೆ. ಕೋಟದ ಸ್ಟಾಪಿನಲ್ಲಿ ಕಂಡಕ್ಟರು ಬಸ್ಸಿನ ಮೈಗೆ ಬಡಿಯುವ ಸದ್ದು ಹೆದ್ದಾರಿಯ ಕಡೆಯಿಂದ ಕೇಳುತ್ತಿತ್ತು. ಕೆಂಪಿ ತೆಂಗಿನ ಬುಡದ ತೇವದ ಮಣ್ಣು ಕೆದರುತ್ತ, ನಡುನಡುವೆ ತಲೆ ಓರೆ ಮಾಡಿ ಒಂದೇ ಕಣ್ಣಿನಿಂದ ಅವನನ್ನು ನೋಡುತ್ತಿತ್ತು. ಆರು ತಿಂಗಳು ಆಗತಾನೇ ತುಂಬಿದ ಹೇಂಟೆ. ಮೈಯ ಗರಿಗಳಿಗೆ ಇನ್ನೂ ಒಗೆಯದ ಹೊಸ ಬಟ್ಟೆಯ ಹೊಳಪು. ಅಡುಗೆಮನೆಯ ಕಿಟಕಿಯಿಂದ ಅಮ್ಮ ಗಿರಿಜಾಳ ದನಿ ಬಂತು: “ಹ್ವಾಯ್, ಒಂದ್ ಕೋಳಿ ಹಿಡುಕೆ ನಿಂಗೆ ಎಷ್ಟ್ ಹೊತ್ತ್ ಬೇಕಾ? ಅಣ್ಣ ರೈಲ್ ಇಳ್ದ ಅಂಬ್ರ್. ಕಿಟ್ಟ ಕಾದ್ ಕಾದ್ ಎರಡ್ನೇ ಬೀಡಿ ಹಚ್ಚಿದ.” ಬಚ್ಚಲಿನ ಹಿಂದಿನ ಮೆಟ್ಟಿಲಲ್ಲಿ ಕೂತಿದ್ದ ಪಕ್ಕದ ಮನೆಯ ಕಿಟ್ಟ, ಕತ್ತಿಯನ್ನು ಕಲ್ಲಿಗೆ ಉಜ್ಜುತ್ತ, “ಹೀರೋ ಎಂಟ್ರಿ ಕೊಡುಕೆ ಮ್ಯೂಸಿಕ್ ಕಾಯ್ತಾ ಇದ್ದ, ಗಿರ್ಜಕ್ಕ” ಅಂದ. ಬೇರೆ ದಿನವಾದರೆ ಯತೀಶ ಆ ಮ್ಯೂಸಿಕ್ಕನ್ನು ಬಾಯಲ್ಲೇ ನುಡಿಸಿ, ನಿಧಾನಗತಿಯಲ್ಲಿ ನಾಲ್ಕು ಹೆಜ್ಜೆ ನಡೆದು ತೋರಿಸುತ್ತಿದ್ದ. ಒಳಗೆ ಅತ್ತಿಗೆ ಅಮಿತಾ ನೀರು ದೋಸೆ ಹುಯ್ಯುವ ಚುಂಯ್ ಸದ್ದು ಒಂದೇ ಸಮನೆ ಬರುತ್ತಿತ್ತು. ಒಂದು ದೋಸೆಗೂ ಇನ್ನೊಂದಕ್ಕೂ ನಡುವಿನ ಹೊತ್ತು ಸ್ವಲ್ಪವೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಅವಳು ಕಿಟಕಿಯ ಹತ್ತಿರ ಬರಲಿಲ್ಲ ಎಂಬುದು ಅವನಿಗೆ ಒಂದು ರೀತಿಯ ಸಮಾಧಾನ, ಇನ್ನೊಂದು ರೀತಿಯಲ್ಲಿ ಶಿಕ್ಷೆ.

ಕೆಂಪಿ ಮತ್ತು ಚುಕ್ಕಿ ವಂಡ್ಸೆಯಿಂದ ಬಂದವು. ಮದುವೆಯಾಗಿ ಆರು ತಿಂಗಳಿಗೆ ತವರಿಗೆ ಹೋದ ಅಮಿತಾ, ವಾಪಸು ಬರುವಾಗ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ ಅದರಲ್ಲಿ ಎರಡು ಮರಿಗಳನ್ನು ಕೂರಿಸಿಕೊಂಡು ಬಸ್ಸಿನಿಂದ ಇಳಿದಿದ್ದಳು. ಗಂಡ ಜಿತೇಂದ್ರ ಮುಂಬೈಯಲ್ಲಿ ಕ್ಯಾಂಟೀನು ನಡೆಸುತ್ತಾನೆ. ಅಲ್ಲಿ ಅವನು ಮಲಗುವ ಕೋಣೆಯಲ್ಲಿ ಇನ್ನೂ ಮೂವರು ಮಲಗುತ್ತಾರೆ. ಹಾಗಾಗಿ ಅವಳು ಇಲ್ಲಿ. ಪೆಟ್ಟಿಗೆ ಬಿಚ್ಚಿದಾಗ ಯತೀಶ ಮರಿಗಳಿಗೆ ಹೀರೋಯಿನ್ ಮತ್ತು ಹೀರೋಯಿನ್ ಫ್ರೆಂಡು ಎಂದು ಹೆಸರಿಟ್ಟ. ಅಮಿತಾ ನಕ್ಕು, “ಬ್ಯಾಡ ಮಾರಾಯ, ಫ್ರೆಂಡಿಗೆ ಬೇಜಾರಾತ್ತ್” ಅಂದು ಬೇರೆ ಹೆಸರಿಟ್ಟಳು. ಅವಳು ಅವನ ಮಾತಿಗೆ ನಕ್ಕದ್ದು ಅದೇ ಮೊದಲು. ಆಮೇಲೆ ಅವಳನ್ನು ನಗಿಸುವುದು ಅವನಿಗೆ ಒಂದು ಕೆಲಸವೇ ಆಗಿಹೋಯಿತು. ಮೊಬೈಲ್ ಅಂಗಡಿಯಿಂದ ಮಧ್ಯಾಹ್ನ ಊಟಕ್ಕೆ ಬಂದವನು ಬಾಗಿಲಲ್ಲೇ ನಿಂತು, “ಈ ಮನೆ ಬಾಗಿಲು ದಾಟೋಕೆ ಧೈರ್ಯ ಬೇಕಿಲ್ಲ, ಹಸಿವು ಬೇಕು!” ಎಂದು ಬೆಂಗಳೂರು ಕನ್ನಡದಲ್ಲಿ ಗುಡುಗುವುದು, ಅವಳು ಒಳಗಿನಿಂದ “ಕಾಲ್ ತೊಳ್ದ್ಕಂಡ್ ದಾಟ್” ಅನ್ನುವುದು. ಮನೆಯಲ್ಲಿ ಆಡುವ ಮಾತು ಒಂದು, ಸಿನೆಮಾದ ಮಾತು ಇನ್ನೊಂದು. ಎರಡನೆಯದರಲ್ಲಿ ಅವನಿಗೆ ನಾಚಿಕೆ ಇಲ್ಲ, ಅಂಜಿಕೆ ಇಲ್ಲ, ತಪ್ಪು ಎನ್ನುವುದೇ ಇಲ್ಲ. ಅಲ್ಲಿ ಏನು ಹೇಳಿದರೂ ಹೇಳಿದವನು ಬೇರೆ ಯಾರೋ.

ಅಪ್ಪ ತೀರಿಹೋದ ಮೂರನೇ ದಿನ, ಅವನಿಗೆ ಹದಿನೇಳು, ಚಾವಡಿಯಲ್ಲಿ ಕೂತಿದ್ದ ದೊಡ್ಡವರೊಬ್ಬರು “ಇನ್ನ್ ಮುಂದೆ ಎಂತ ಮಗಾ?” ಎಂದು ಕೇಳಿದ್ದರು. ಬಾಯಿ ತೆರೆದರೆ, “ಅಪ್ಪ ಎಲ್ಲೂ ಹೋಗಿಲ್ಲ, ಈ ಮನೆ ಗೋಡೆಯಲ್ಲಿ ಇಟ್ಟಿಗೆಯಾಗಿ ನಿಂತಿದ್ದಾರೆ” ಎಂಬ ಮಾತು, ಹಿಂದಿನ ವಾರ ಟೀವಿಯಲ್ಲಿ ಕೇಳಿದ್ದು, ಉಚ್ಚಾರ ಸಮೇತ ಹೊರಬಂತು. ಹೆಂಗಸರು ಗೊಳೋ ಅಂದರು. ಅಮ್ಮ ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಆ ದೊಡ್ಡವರು ಕಣ್ಣೊರೆಸಿಕೊಂಡು, “ಸಣ್ಣ ಬಾಯಂಗೆ ಎಷ್ಟ್ ದೊಡ್ಡ್ ಮಾತ್” ಅಂದರು. ಆ ಮಾತಿನ ಕೆಳಗೆ ತನ್ನದು ಅಂತ ಏನಾದರೂ ಇತ್ತೇ ಎಂದು ಅವನು ಆಮೇಲೆ ಎಷ್ಟೋ ಸಲ ಹುಡುಕಿದ್ದ. ಕೋಳಿ ಮಣ್ಣು ಕೆದರಿದ ಹಾಗೆ. ಕೆದರುವುದೇ ಅಭ್ಯಾಸವಾಯಿತು, ಸಿಕ್ಕಿದ್ದು ಏನೂ ಇಲ್ಲ.

ಮೊದಲು ಮೊಟ್ಟೆ ಇಟ್ಟದ್ದು ಚುಕ್ಕಿ. ಸಣ್ಣದು, ಪಾರಿವಾಳದ್ದೋ ಎನ್ನುವಷ್ಟು, ತುದಿಯಲ್ಲಿ ದಾರದೆಳೆಯ ಹಾಗೆ ಒಂದು ರಕ್ತದ ಗೀರು. ಎರಡನೆಯದಕ್ಕೆ ಚಿಪ್ಪೇ ಇರಲಿಲ್ಲ. ಅಂಗೈಯಲ್ಲಿ ಅಲ್ಲಾಡುವ ತೊಗಲಿನ ಚೀಲ. ಯತೀಶ ಹೇಸಿಕೊಂಡದ್ದಕ್ಕೆ ಅಮಿತಾ, “ಎಳಿ ಹೇಂಟಿ ಅಲ್ದಾ, ಇನ್ನೂ ಕಲೀತಾ ಇತ್ತ್” ಅಂದಳು. ಮೊದಲೆಲ್ಲ ಹಾಗೇ. ಒಂದು ದಿನ ಇಟ್ಟು ಎರಡು ದಿನ ಬಿಡುತ್ತದೆ. ಇವತ್ತು ಹತ್ತು ಗಂಟೆಗೆ ಇಟ್ಟರೆ ನಾಳೆ ಹನ್ನೊಂದೂವರೆಗೆ, ನಾಡಿದ್ದು ಮಧ್ಯಾಹ್ನ ದಾಟಿ, ಆಮೇಲೆ ಒಂದು ದಿನ ರಜೆ. ಇವನ್ನೆಲ್ಲ ಅವಳು ತನ್ನ ಮನೆಯ ಹುಡುಗಿಯರ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದಳು, ಅವನು ಫೋನು ನೋಡುತ್ತ ಕೇಳುತ್ತಿದ್ದ, ಕೇಳದ ಹಾಗೆ ತೋರಿಸುತ್ತ ಎಲ್ಲವನ್ನೂ ಕೇಳುತ್ತಿದ್ದ. ಕೆಂಪಿ ಮಾತ್ರ ಇಡಲಿಲ್ಲ. ಅದಕ್ಕೆ ಜಾಗದ್ದೇ ಚಿಂತೆ. ಅಕ್ಕಿ ಚೀಲದ ಹಿಂದೆ ಹೋಗಿ ನೋಡಿತು, ಟೀವಿಯ ಹಿಂದಿನ ವಯರುಗಳ ನಡುವೆ ನೋಡಿತು, ಅವನ ಹೆಲ್ಮೆಟ್ಟಿನೊಳಗೆ ಕಾಲು ಗಂಟೆ ಕೂತು ಎದ್ದು ಬಂತು. ಎದ್ದದ್ದೇ ಅಂಗಳದ ನಡುವೆ ನಿಂತು ಊರಿಗೆಲ್ಲ ಕೇಳುವ ಹಾಗೆ ಕೊಕ್ಕೊಕ್ಕೊಕ್ಕೋ ಅಂತ ಕೂಗಿತು. ಅಮ್ಮ ಒದ್ದೆ ಕೈಯಲ್ಲೇ ಓಡಿಬಂದು ಹೆಲ್ಮೆಟ್ಟಿಗೆ ಕೈ ಹಾಕಿದಳು, ಒಂದು ಹಿಕ್ಕೆ ಸಿಕ್ಕಿತು. ಯತೀಶ ಬಿದ್ದು ಬಿದ್ದು ನಕ್ಕ. “ಟ್ರೈಲರ್ ಬಿಟ್ಟದ್ದ್ ಅಮ್ಮ, ರಿಲೀಸ್ ಡೇಟ್ ಗೊತ್ತಿಲ್ಲೆ!” ಅಮಿತಾ ಸಮಾಧಾನದಿಂದ, “ಬರೀ ಕೂಗುದ್ ಅತ್ತೆ. ಇಡುಕೆ ಮುಂಚೆ ಕೂಗುಕೆ ಕಲೀತ್ತ್” ಅಂದಳು. ಅಮ್ಮ ಕೈ ತೊಳೆಯುತ್ತ, “ಕೂಗುಕೆ ನಮ್ಮನಿಯಂಗೆ ಒಬ್ಬ ಇದ್ದ, ಸಾಕ್” ಅಂದಳು. ಅವನು ಅದಕ್ಕೂ ನಕ್ಕಿದ್ದ.

ಹನ್ನೆರಡು ದಿನದ ಹಿಂದೆ ಜಿತೇಂದ್ರನ ಫೋನು ಬಂತು. ರೈಲಿಗೆ ಟಿಕೆಟ್ಟಾಗಿದೆ, ಊರ ಕೋಳಿಯ ಸುಕ್ಕ ತಿನ್ನದೆ ನಾಲಿಗೆ ಸತ್ತುಹೋಗಿದೆ. ಅಮ್ಮ ಫೋನಿಟ್ಟು ಅಂಗಳದ ಕಡೆ ನೋಡಿ, ಸಿಟ್ಟಿಲ್ಲದೆ, ಅಕ್ಕಿ ಎಷ್ಟು ಹಾಕಲಿ ಎಂದು ಯೋಚಿಸುವ ದನಿಯಲ್ಲಿ ಹೇಳಿದಳು: “ಅಷ್ಟ್‌ರೊಳಗೆ ಇಟ್ರೆ ಬದುಕ್ತ್. ಇಡದಿದ್ರೆ ಕೆಂಪಿಯೇ ಆತ್ತ್.” ಸಂಜೆ ಅಮಿತಾ ಕೆಂಪಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಅದರ ಜುಟ್ಟನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು, ಎಷ್ಟು ಕೆಂಪಾಯಿತು ಎಂದು. ಇನ್ನೂ ತೆಳು ಗುಲಾಬಿ.

ಮೊಟ್ಟೆಯನ್ನು ಚಾದಲ್ಲಿ ಮುಳುಗಿಸುವ ಯೋಚನೆ ಯಾವಾಗ ಬಂತು? ಈಗ ಕಲ್ಲಿನ ಪಕ್ಕ ನಿಂತು ಯತೀಶ ಅದನ್ನು ಕೋಳಿ ಉಳಿಸಲಿಕ್ಕೆ ಮಾಡಿದ್ದು ಎಂದು ಹೇಳಿಕೊಂಡ. ಹಾಗೆ ಹೇಳಿಕೊಳ್ಳುವುದು ಸುಲಭ. ಆವತ್ತು ಮಾತ್ರ ತಲೆಯಲ್ಲಿದ್ದದ್ದು ಅತ್ತಿಗೆಯ ಮುಖ, ಆ ಮುಖದ ಮುಂದೆ ತನ್ನ ಫೋನಿನ ಕ್ಯಾಮೆರಾ, ಅವಳು ಕುಣಿದಾಡಬೇಕು, ಅಷ್ಟರಲ್ಲಿ ತಾನು ಫ್ರೇಮಿನೊಳಗೆ ನುಗ್ಗಿ “ಕಥೆ ಬರೆದವನು ಬೇರೆ, ಮೊಟ್ಟೆ ಬರೆದವನು ನಾನು!” ಅನ್ನಬೇಕು. ಆ ಸಾಲನ್ನು ಬೈಕಿನಲ್ಲಿ ಬರುತ್ತ ಎಂಟು ಸಲ ಹೇಳಿ ನೋಡಿದ್ದ. ಸ್ಟಾಪಿನ ಅಂಗಡಿಯಿಂದ ಒಂದು ಬಿಳಿ ಫಾರ್ಮ್ ಮೊಟ್ಟೆ, ಇದ್ದುದರಲ್ಲಿ ಸಣ್ಣದನ್ನು ಆರಿಸಿ ತಂದ. ಅಮ್ಮ ಹಾಲು ತರಲು ಹೋದಾಗ ಮೂರು ಚಮಚ ಚಾಹುಡಿ ಕುದಿಸಿ, ಆರಿದ ಮೇಲೆ ಮೊಟ್ಟೆಯನ್ನು ಲೋಟದಲ್ಲಿ ಮುಳುಗಿಸಿ ಕಪಾಟಿನ ಹಿಂದೆ ಇಟ್ಟ. ಮಾರನೇ ದಿನ ಅದು ಊರ ಕೋಳಿ ಮೊಟ್ಟೆಯ ಮಣ್ಣುಬಣ್ಣಕ್ಕೆ ಬಂದಿತ್ತು. ಚೂರು ಹಿಕ್ಕೆ ಸವರಿ, ಒಂದು ಸಣ್ಣ ಗರಿ ಅಂಟಿಸಿದ. ಸೆಟ್ ವರ್ಕ್. ಚುಕ್ಕಿ ಇಡುವ ಹೆಡಿಗೆಯಲ್ಲಿ, ಬೈಹುಲ್ಲಿನ ಮೇಲೆ ಇಟ್ಟು, ಕೆಂಪಿಯನ್ನು ಎತ್ತಿ ಅದರ ಮೇಲೆ ಕೂರಿಸಿ ಅತ್ತಿಗೆಯನ್ನು ಕರೆದ.

ಏಳು ಸೆಕೆಂಡಿನ ವೀಡಿಯೋ ಅದು. ಅಮಿತಾ ಬರುತ್ತಾಳೆ, ಕೆಂಪಿಯನ್ನು ಸರಿಸುತ್ತಾಳೆ, ಮೊಟ್ಟೆ ಎತ್ತುತ್ತಾಳೆ, ಕೆನ್ನೆಗೆ ಒತ್ತಿಕೊಳ್ಳುತ್ತಾಳೆ, ನಗುತ್ತಾಳೆ. ಕುಣಿಯಲಿಲ್ಲ. ಕೆನ್ನೆಗೆ ಒತ್ತಿಕೊಂಡದ್ದು ನೋಡಿ ಅವನು ಎಂಟು ಸಲ ಅಭ್ಯಾಸ ಮಾಡಿದ ಸಾಲು ಬಿಟ್ಟುಬಿಟ್ಟ, ಇಷ್ಟು ಪ್ರೀತಿಯ ಮುಂದೆ ತಮಾಷೆ ಬೇಡ ಅನಿಸಿತು, ಅಮ್ಮ ಬಂದಳು, ನೋಡಿದಳು, “ಅಬ್ಬಾ, ಇಡ್ತಲೆ!” ಅಂದಳು, ನಿಜ ಹೇಳುವ ಗಳಿಗೆ ಬಸ್ಸಿನ ಹಾಗೆ ಮುಂದೆ ಹೋಯಿತು. ರಾತ್ರಿ ಹಾಸಿಗೆಯಲ್ಲಿ ನಾಲ್ಕನೇ ಸಲ ನೋಡುವಾಗ ಕಂಡಿತು: ನಗು ಬಂದದ್ದು ಮೊಟ್ಟೆ ನೋಡಿ ಅಲ್ಲ. ಕೆನ್ನೆಗೆ ಒತ್ತಿಕೊಂಡು, ಒಂದು ಕ್ಷಣ ಹಾಗೇ ನಿಂತು, ಕಣ್ಣೆತ್ತಿ ಫೋನು ನೋಡಿ, ಆಮೇಲೆ ನಕ್ಕಿದ್ದಾಳೆ. ಆಗತಾನೇ ಇಟ್ಟ ಮೊಟ್ಟೆ ಬಿಸಿ ಇರುತ್ತದೆ. ಅವಳು ಬಿಸಿ ಇದೆಯೋ ಎಂದು ನೋಡಿದ್ದು. ತಣ್ಣಗಿನ ಮೊಟ್ಟೆಯನ್ನು ಕೆನ್ನೆಯಲ್ಲಿಟ್ಟುಕೊಂಡೇ ಅವಳು ಅವನ ಕ್ಯಾಮೆರಾಕ್ಕೆ ನಕ್ಕಳು. ವೀಡಿಯೋವನ್ನು ಯಾರಿಗೂ ಕಳಿಸಲಿಲ್ಲ, ಅಳಿಸಲೂ ಇಲ್ಲ.

ಗೂಡಿನಲ್ಲಿ ಒಂದು ಮೊಟ್ಟೆ ಯಾವಾಗಲೂ ಬಿಡಬೇಕು. ಎಲ್ಲವನ್ನೂ ತೆಗೆದರೆ ಹೇಂಟೆ ಜಾಗ ಬದಲಿಸಿ ಎಲ್ಲೋ ಕದ್ದು ಇಡುತ್ತದೆ. ಅಮ್ಮ ಚುಕ್ಕಿಯ ಮೊಟ್ಟೆಗಳನ್ನು ತೆಗೆದು ಕೆಂಪಿಯದೆಂದು ತಿಳಿದ ಅದೊಂದನ್ನು ಹೆಡಿಗೆಯಲ್ಲೇ ಬಿಟ್ಟಳು. ಹಾಗಾಗಿ ಅವನ ತಮಾಷೆ ಒಂದು ದಿನಕ್ಕೆ ಮುಗಿಯದೆ, ಒಂಬತ್ತು ದಿನ ಅಂಗಳದಲ್ಲಿ ಹಾಗೇ ಕೂತಿತ್ತು. ಚುಕ್ಕಿ ಅದರ ಪಕ್ಕ ಇಟ್ಟು ಏಳುತ್ತಿತ್ತು. ಕೆಂಪಿ ಬಂದು ಅದನ್ನು ಕೊಕ್ಕಿನಿಂದ ಸ್ವಲ್ಪ ಹೊರಳಿಸಿ, ತಲೆ ಓರೆ ಮಾಡಿ ನೋಡಿ ಹೋಗುತ್ತಿತ್ತು. ಸುಕ್ಕಕ್ಕೆ ಎಲ್ಲಾದರೂ ಹುಂಜ ಸಿಗುತ್ತದೋ ಎಂದು ಅಮ್ಮ ಕಿಟ್ಟನ ಹತ್ತಿರ ಕೇಳಿಟ್ಟಳು. ಅತ್ತಿಗೆ ಒಂದೇ ಒಂದು ಸಲ, ಚಾ ಸೋಸುತ್ತ, “ಈ ತಿಂಗ್ಳ್ ಚಾಹುಡಿ ಬೇಗ ಖಾಲಿ ಆಯ್ತಲೆ ಯತೀಶ” ಅಂದಳು. ದನಿಯಲ್ಲಿ ನಗು ಇತ್ತು, ಬಾಗಿಲೊಂದನ್ನು ಅರ್ಧ ತೆರೆದಿಟ್ಟ ಹಾಗೆ. ಅವನು ಎದೆ ಉಬ್ಬಿಸಿ, “ಕುಡಿಯೋರು ಇರೋವರೆಗೂ ಚಾಗೆ ಸಾವಿಲ್ಲ, ಅತ್ತಿಗೆ!” ಅಂದ. ಅವಳು ಲೋಟ ಅವನ ಮುಂದಿಟ್ಟು ಒಳಗೆ ಹೋದಳು.

ಆಮೇಲೆ ಮೂರು ದಿನದ ಹಿಂದೆ ಕೆಂಪಿ ಮೊದಲ ಸಲ ಕೂತಿತು. ಬೆನ್ನ ಮೇಲೆ ಅಮಿತಾ ಕೈ ಇಟ್ಟದ್ದೇ ರೆಕ್ಕೆ ಸ್ವಲ್ಪ ಅಗಲಿಸಿ, ಕಾಲು ಮಡಚಿ, ನೆಲಕ್ಕೆ ಒತ್ತಿಕೊಂಡು ಹಾಗೇ ಕೂತುಬಿಟ್ಟಿತು. ಚುಕ್ಕಿಯ ಕಾಲದಲ್ಲಿ ಅವಳೇ ಅವನಿಗೆ ಹೇಳಿದ್ದಳು: ಕೈ ಇಟ್ಟಾಗ ಹೇಂಟೆ ಕೂತರೆ ಹೊಟ್ಟೆಯೊಳಗೆ ಮೊಟ್ಟೆ ಕಟ್ಟಿದೆ ಎಂದೇ ಅರ್ಥ, ಹೆಚ್ಚೆಂದರೆ ಒಂದು ವಾರ. ಅವಳು ಒಳಗೆ ಓಡಿ, “ಅತ್ತೆ, ಕೆಂಪಿ ಕೂತ್ತ್! ಜುಟ್ಟೂ ಕೆಂಪಾಯ್ತ್!” ಅಂದಳು. ಅಮ್ಮ ತಲೆಯೆತ್ತಲಿಲ್ಲ. “ಒಂದ್ಸಲ ಇಟ್ಟದ್ದ್ ಹೇಂಟಿ ಈಗ್ಳ್ ಕೂತ್ರೆಷ್ಟ್, ನಿತ್ರೆಷ್ಟ್? ಇದ್ರಂಗೆ ಎಂತ ಹೊಸತ್ ಇತ್ತ್?” ಹೊಸದು ಏನಿದೆ ಎಂದು ಹೇಳಲು ಹೊರಟರೆ ಹಳೆಯದು ಸುಳ್ಳು ಎಂದು ಹೇಳಬೇಕಿತ್ತು. ಅಮಿತಾ ವಾಪಸು ಅಂಗಳಕ್ಕೆ ಹೋದಳು. ಅವಳು ಯತೀಶನ ಕಡೆ ನೋಡಲಿಲ್ಲ. ಅವನು ಫೋನಿನೊಳಗೆ ಇನ್ನಷ್ಟು ತಲೆ ಬಗ್ಗಿಸಿದ.

ನಿನ್ನೆ ಬೆಳಿಗ್ಗೆ ಗಂಗೊಳ್ಳಿಯ ಜಲಜ ಮೀನು ತಂದಳು. ಬಂಗಡೆ ಎಣಿಸಿ ತಟ್ಟೆಗೆ ಹಾಕುತ್ತಿದ್ದವಳ ಹತ್ತಿರ ಅಮ್ಮ, ಕೆಂಪಿ ಒಂದು ಇಟ್ಟು ಒಂಬತ್ತು ದಿನವಾಯಿತು, ಮತ್ತೆ ಇಡಲೇ ಇಲ್ಲ, ಏನಾಗಿರಬಹುದು ಎಂದು ಕೇಳಿದಳು. ಜಲಜಳ ಮನೆಯಲ್ಲಿ ಇಪ್ಪತ್ತು ಕೋಳಿ. “ತನ್ನಿ ಕಾಂಬ ಆ ಮೊಟ್ಟಿ” ಅಂದಳು. ಮೀನಿನ ನೀರು ತೊಟ್ಟಿಕ್ಕುವ ಕೈಯಲ್ಲಿ ಮೊಟ್ಟೆ ಹಿಡಿದು ತಿರುಗಿಸಿದಳು, ಹೆಬ್ಬೆರಳಿನಿಂದ ಒಂದು ಸಲ ಉಜ್ಜಿದಳು. ಬೆರಳು ಕಂದಾಯಿತು, ಮೊಟ್ಟೆಯ ಮೇಲೆ ಬಿಳಿಯ ಒಂದು ಕಿಟಕಿ ತೆರೆಯಿತು. ಮೂಗಿಗೆ ಹಿಡಿದು ನೋಡಿದಳು. “ಹ್ವಾಯ್ ಗಿರ್ಜಕ್ಕ! ಇದ್ ಹೇಂಟಿ ಇಟ್ಟದ್ದಲ್ಲ ಮರ್ರೆ. ಇದ್ ಚಾ ಕುಡ್ದದ್ ಮೊಟ್ಟಿ!” ಎಂದು ಕಿಸಕ್ಕನೆ ನಕ್ಕಳು. ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವಳ ಮುಖ ನಿಧಾನವಾಗಿ ತಿರುಗಿತು. ಯತೀಶ ಅದು ತನ್ನ ಕಡೆಗೆ ಬರುತ್ತದೆ ಎಂದು ಕಾದ. ಮುಖ ಅವನನ್ನು ದಾಟಿ, ಬಾಗಿಲ ಬಳಿ ಮೀನಿನ ತಟ್ಟೆ ಹಿಡಿದು ನಿಂತ ಅಮಿತಾಳ ಮೇಲೆ ನಿಂತಿತು.

“ವಂಡ್ಸಿಯಿಂದ ಕೋಳಿ ಮಾತ್ರ ತಂದಿ ಅಂದ್ಕಂಡಿದ್ದೆ” ಅಂದಳು ಅಮ್ಮ. “ಈ ಬುದ್ಧಿಯೂ ತಂದಿ ಅಂದೇಳಿ ಗೊತ್ತಿರ್ಲಿಲ್ಲೆ.”

ಅಮಿತಾಳ ಕಿವಿ ಕೆಂಪಾಗುವುದನ್ನು ಅವನು ನೋಡಿದ. ಕಿವಿ ಮಾತ್ರ. ಮುಖ ಹಾಗೇ ಇತ್ತು. ಈಗ ಅವಳು ಅವನ ಕಡೆ ನೋಡಿದಳು, ದೂರುವ ಹಾಗೆ ಅಲ್ಲ, ಬಸ್ಸಿನಲ್ಲಿ ಎದ್ದು ಸೀಟು ಕೊಡುವವನು ಯಾರು ಎಂದು ನೋಡುವ ಹಾಗೆ, ಸುಮ್ಮನೆ ಕಾಯುತ್ತ. ಜಲಜ ನೋಡುತ್ತಿದ್ದಳು. ಅಮ್ಮ ನೋಡುತ್ತಿದ್ದಳು. ಒಂದು ವಾಕ್ಯ ಸಾಕಿತ್ತು, ಮೂರು ಶಬ್ದದ್ದು. ಯತೀಶ ಬಾಯಿ ತೆರೆದ. ಆ ಮೂರು ಶಬ್ದ ಇರಬೇಕಾದ ಜಾಗದಲ್ಲಿ ಕರಿ ಕೋಟು ಹಾಕಿದ ಯಾವನೋ ಎದ್ದು ನಿಂತಿದ್ದ. “ಯುವರ್ ಆನರ್! ಸಾಕ್ಷಿ ಮೊಟ್ಟೆಯೊಳಗೇ ಅಡಗಿದೆ! ಒಡೆದರೆ ಸತ್ಯ ತಾನಾಗೇ ಹೊರಗೆ ಬರತ್ತೆ!”

ಜಲಜ ಹೊಟ್ಟೆ ಹಿಡಿದು ನಕ್ಕಳು. ಅಮ್ಮನಿಗೂ, ಸಿಟ್ಟಿನ ನಡುವೆ, ತುಟಿಯಂಚು ಜಾರಿತು. ಅವಳು ಮೊಟ್ಟೆಯನ್ನು ಒಗೆಯುವ ಕಲ್ಲಿಗೆ ಕುಟ್ಟಿದಳು. ಫಾರ್ಮ್ ಮೊಟ್ಟೆಯ ಬಿಳಚಿದ ಹಳದಿ ಕಲ್ಲಿನ ಮೇಲೆ ಹರಿಯಿತು. ಊರ ಕೋಳಿಯ ಮೊಟ್ಟೆಯಾದರೆ ಒಳಗೆ ಕೇಸರಿ ಇರುತ್ತದೆ. ಇನ್ನು ವಾದ ಉಳಿಯಲಿಲ್ಲ. ಚುಕ್ಕಿ ಓಡಿಬಂದು ಕಲ್ಲಿನಿಂದ ಇಳಿಯುತ್ತಿದ್ದ ಹಳದಿಯನ್ನು ಕುಕ್ಕತೊಡಗಿತು. ಅಮಿತಾ ತಟ್ಟೆ ಕೆಳಗಿಟ್ಟು, ತುಂಬ ಮೆಲ್ಲಗೆ, “ಜಲಜಕ್ಕ, ಕೆಂಪಿಯನ್ನ್ ಒಂದ್ಸಲ ಮುಟ್ಟಿ ಕಾಣಿ. ನಿಮ್ಗೆ ಗೊತ್ತಾತ್ತ್. ಇನ್ನೊಂದ್ ಎರಡ್ ದಿನ ಅಷ್ಟೇ” ಅಂದಳು. ಜಲಜ ಗಿರಿಜಾಳ ಮುಖ ನೋಡಿದಳು, ಬುಟ್ಟಿ ಎತ್ತಿಕೊಂಡಳು. “ಮೀನ್ ಬಿಸ್ಲಿಗ್ ಹಾಳಾತ್ತ್ ಮಾರಾಯ್ತಿ, ಬತ್ತೆ.” ಅಮ್ಮ ಒಳಗೆ ಹೋಗುತ್ತ ಹೇಳಿದಳು, “ಹುಂಜ ಬ್ಯಾಡ ಅಂದೇಳಿ ಕಿಟ್ಟನಿಗೆ ಹೇಳ್ ಯತೀಶ.” ಅವನು ಹೋಗಿ ಹೇಳಿದ. ದಾರಿಯಲ್ಲಿ ಆ ಕೋರ್ಟಿನ ಸಾಲು ಎಷ್ಟು ಚೆನ್ನಾಗಿ ಬಂತು ಎಂದು ಒಂದು ಕ್ಷಣ ಅನಿಸಿತು; ಹಾಗೆ ಅನಿಸಿದ್ದನ್ನು ಯಾರಾದರೂ ನೋಡಿದರೋ ಎಂದು ಹಿಂದೆ ತಿರುಗಿ ನೋಡಿದ್ದ.

“ಯತೀಶಾ!” ಅಮ್ಮನ ದನಿ ಈಗ ಗಟ್ಟಿಯಾಯಿತು.

ಅವನು ಜೇಬಿನಿಂದ ಕೈ ತೆಗೆದ. ಓಡು ಎಂದು ಮನಸ್ಸಿನಲ್ಲೇ ಹೇಳಿದ. ಬೇರೆ ಕೋಳಿಯಾಗಿದ್ದರೆ ಓಡುತ್ತಿತ್ತು, ಅವನು ಅಂಗಳವೆಲ್ಲ ಅಟ್ಟಿಸಿಕೊಂಡು ಹೋಗಿ, ಬಿದ್ದು, ಎದ್ದು, ನಗಿಸಿ, ಕೊನೆಗೆ ಹಿಡಿಯಲಾಗದೆ ಕೈಚೆಲ್ಲಬಹುದಿತ್ತು. ಅವನ ನೆರಳು ಬೆನ್ನ ಮೇಲೆ ಬಿದ್ದದ್ದೇ ಕೆಂಪಿ ಕೆದರುವುದನ್ನು ನಿಲ್ಲಿಸಿತು. ಚಾಚಿದ ಕೈಯನ್ನು ನೋಡಿ ರೆಕ್ಕೆ ಸ್ವಲ್ಪ ಅಗಲಿಸಿತು, ಕಾಲು ಮಡಚಿತು, ಮೈಯನ್ನು ನೆಲಕ್ಕೆ ಒತ್ತಿ ಕೂತುಬಿಟ್ಟಿತು. ಅವನು ಬಗ್ಗಿ ಎರಡೂ ಕೈಯಲ್ಲಿ ಎತ್ತಿಕೊಂಡ. ಹೊಟ್ಟೆ ಬಿಸಿ ಇತ್ತು, ಬೆರಳಿಗೆ ಏನೋ ಗುಂಡಗೆ ಗಟ್ಟಿಯಾದದ್ದು ತಾಗಿದ ಹಾಗಾಯಿತು, ತಾಗಲಿಲ್ಲ ಎಂದುಕೊಂಡ. ಒಗೆಯುವ ಕಲ್ಲಿನಿಂದ ಬಚ್ಚಲಿನ ಹಿಂದಿನ ಮೆಟ್ಟಿಲಿಗೆ ಹನ್ನೊಂದು ಹೆಜ್ಜೆ. ಅಷ್ಟು ಹೆಜ್ಜೆಗೂ ಕೆಂಪಿ ಕೊಸರಲಿಲ್ಲ. ಕಿಟ್ಟ ಬೀಡಿ ಎಸೆದು ಕೈ ಚಾಚಿದ. “ಒಳ್ಳೆ ಹೇಂಟಿ ಮಾರಾಯ, ಮಗುವಿನ ಹಂಗೆ ಬಂತ್.” ಯತೀಶ ನಲ್ಲಿಯ ಹತ್ತಿರ ಹೋಗಿ ನೀರು ಜೋರಾಗಿ ಬಿಟ್ಟು ಕೈ ತೊಳೆದ. ಕೈಗೆ ಏನೂ ಆಗಿರಲಿಲ್ಲ.

ಅಣ್ಣನ ರಿಕ್ಷಾ ಗೇಟಿನಲ್ಲಿ ನಿಂತು, ಬ್ಯಾಗುಗಳು ಇಳಿದು, ಜಿತೇಂದ್ರ “ಅರೆ ಯಾರ್, ಏನ್ ಸೆಕಿ ಇಲ್ಲಿ!” ಎಂದು ಅಂಗಿ ಬಿಚ್ಚುತ್ತಿರುವಾಗ ಹಿಂದಿನಿಂದ ಕಿಟ್ಟ ಕೂಗಿದ: “ಹ್ವಾಯ್ ಗಿರ್ಜಕ್ಕ, ಒಂಚೂರ್ ಬನ್ನಿ ಇಲ್ಲಿ.” ಎಲ್ಲರೂ ಹೋದರು. ಬಾಳೆಲೆಯ ಮೇಲೆ ಕಿಟ್ಟ ಅದನ್ನು ಬಿಡಿಸಿಟ್ಟಿದ್ದ. ಹೊಟ್ಟೆಯೊಳಗಿನ ಎಳೆ ಮೊಟ್ಟೆಗಳ ಕೇಸರಿ ಗೊಂಚಲು. ಒಂದು ನಿಂಬೆಯಷ್ಟು, ಇನ್ನೊಂದು ನೆಲ್ಲಿಯಷ್ಟು, ಮತ್ತೊಂದು ಗೋಲಿಯಷ್ಟು, ಆಮೇಲೆ ಗುಲಗಂಜಿ, ಮೆಣಸಿನಕಾಳು, ಸಾಸಿವೆ, ಕೊನೆಗೆ ಕಣ್ಣಿಗೆ ಎಣಿಸಲಾಗದಷ್ಟು ಸಣ್ಣವು, ಬರುವ ವಾರದ್ದು, ಬರುವ ತಿಂಗಳದ್ದು, ಒಂದಕ್ಕೊಂದು ಅಂಟಿಕೊಂಡು ಸರದಿಯಲ್ಲಿ ನಿಂತ ಹಾಗೆ. ಪಕ್ಕದಲ್ಲಿ ಬೇರೆಯಾಗಿ, ಚಿಪ್ಪು ಪೂರ್ತಿ ಕಟ್ಟಿದ ಒಂದು ಮೊಟ್ಟೆ. ಸಣ್ಣದು. ಮಣ್ಣುಬಣ್ಣದ್ದು. “ಇವತ್ತ್ ಮಧ್ಯಾಹ್ನದೊಳಗೆ ಇಡ್ತಿತ್ತ್” ಅಂದ ಕಿಟ್ಟ, ಯಾರಿಗೂ ಅಲ್ಲದ ಹಾಗೆ. ಅಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡಳು. “ಎಂತ ಮಾಡುದ್. ಆಯ್ತಲೆ.” ಸ್ವಲ್ಪ ತಡೆದು, “ಗೊಂಚಲ್ ಬಿಸಾಡ್‌ಬ್ಯಾಡ, ಸಾರಿಗೆ ಹಾಕುವ” ಅಂದು ಒಳಗೆ ಹೋದಳು. ಅಮಿತಾ ಕೂತು ಆ ಮೊಟ್ಟೆಯನ್ನು ಎತ್ತಿಕೊಂಡಳು. ನಲ್ಲಿಯಲ್ಲಿ ತೊಳೆದಳು, ಚೂಡಿದಾರದ ಶಾಲಿನಲ್ಲಿ ಒರೆಸಿದಳು, ಕೆನ್ನೆಗೆ ಒತ್ತಿಕೊಂಡಳು. ಈ ಸಲ ಏಳು ಸೆಕೆಂಡಿಗೆ ಮುಗಿಯಲಿಲ್ಲ. ಆಮೇಲೆ ಹೋಗಿ, ಬರಿದಾಗಿದ್ದ ಹೆಡಿಗೆಯಲ್ಲಿ, ಬೈಹುಲ್ಲು ಸರಿಮಾಡಿ ಅದನ್ನಿಟ್ಟಳು. ಗೂಡಿನಲ್ಲಿ ಒಂದು ಬಿಡಬೇಕಲ್ಲ.

ಊಟಕ್ಕೆ ಎಲ್ಲರೂ ನೆಲದಲ್ಲಿ ಸಾಲಾಗಿ ಕೂತರು. ಸುಕ್ಕದ ಘಮಕ್ಕೆ ಯತೀಶನ ಬಾಯಲ್ಲಿ ನೀರೂರಿತು. ನಾಲಿಗೆಗೆ ಇದ್ಯಾವುದೂ ಗೊತ್ತಿರಲಿಲ್ಲ. ಅಮಿತಾ ಬಡಿಸುತ್ತಿದ್ದಳು. ಸಾರಿನ ಪಾತ್ರೆಯ ತಳದಿಂದ ಸೌಟು ಮೇಲೆ ಬಂದಾಗ ಅದರಲ್ಲಿ ಗಟ್ಟಿಯಾಗಿ ಬೆಂದ ಹಳದಿ ಗುಂಡುಗಳಿದ್ದವು. “ಅದ್ ಯತೀಶಂಗೆ ಹಾಕ್” ಅಂದಳು ಅಮ್ಮ. “ಅವ ಸಣ್ಣವ ಅಲ್ದಾ.” ಮನೆಯಲ್ಲಿ ಚಿಕ್ಕವರು ಯಾರೋ ಅವರಿಗೆ ಗೊಂಚಲು, ಅವನು ನೆನಪಿದ್ದಾಗಿನಿಂದ ಹಾಗೇ, ಅದಕ್ಕಾಗಿ ಅಣ್ಣನ ಜೊತೆ ಜಗಳ ಆಡಿದ್ದಾನೆ. ನಿಂಬೆಯಷ್ಟಿದ್ದದ್ದು, ನೆಲ್ಲಿಯಷ್ಟಿದ್ದದ್ದು, ಗೋಲಿಯಷ್ಟಿದ್ದದ್ದು ಒಂದೊಂದಾಗಿ ಅವನ ತಟ್ಟೆಗೆ ಉರುಳಿದವು. ಅಮಿತಾ ಒಂದನ್ನೂ ಬಿಡದೆ, ಸಾಸಿವೆಯಷ್ಟಿದ್ದವನ್ನೂ ಸೌಟಿನ ತುದಿಯಿಂದ ಕೆರೆದು ಹಾಕಿದಳು.

ಅಮ್ಮ ಅಷ್ಟರಲ್ಲಿ ಕಥೆ ಶುರುಮಾಡಿದ್ದಳು. ನಿನ್ನೆಯ ಸಿಟ್ಟು ಇವತ್ತಿಗೆ ತಮಾಷೆಯಾಗಿ ಹದಗೊಂಡಿತ್ತು. ಜಲಜಳ ದನಿ, ಜಲಜಳ ಹೆಬ್ಬೆರಳು ಎಲ್ಲ ಮಾಡಿ ತೋರಿಸಿದಳು. “ನಿನ್ ಹೆಂಡ್ತಿ ಮೊಟ್ಟಿಗೆ ಚಾ ಕುಡ್ಸಿದ್ಳ್ ಮಾರಾಯ!” ಜಿತೇಂದ್ರ ಅನ್ನ ನೆತ್ತಿಗೇರುವಷ್ಟು ನಕ್ಕ. “ಸಕ್ರಿ ಹಾಕಿದ್ಯಾ, ಬರೀ ಚಾವಾ?” ಎಂದು ಹೆಂಡತಿಯನ್ನು ಕೇಳಿದ. ಅಮಿತಾ ನಕ್ಕಳು. ಆ ನಗುವನ್ನು ಯತೀಶ ಹಾಸಿಗೆಯಲ್ಲಿ ಮಲಗಿ ನಾಲ್ಕು ಸಲ ನೋಡಿದ್ದ. ಅವನ ಜೇಬಿನ ಫೋನಿನಲ್ಲಿ ಅದು ಇನ್ನೂ ಇತ್ತು.

“ಅದ್ ಅತ್ಗಿ ಅಲ್ಲ” ಅಂದ ಯತೀಶ.

ದನಿ ಎಷ್ಟು ಸಣ್ಣದಾಗಿ ಬಂತೆಂದರೆ ಅವನಿಗೇ ಗುರುತು ಸಿಗಲಿಲ್ಲ. ಅಮ್ಮ ಕೈ ತಡೆದಳು. “ಎಂತ?”

“ಅತ್ಗಿ ಅಲ್ಲ. ಆ ಮೊಟ್ಟಿ ಇಟ್ಟದ್ದ್ ನಾನ್.”

ಜಿತೇಂದ್ರನ ಬಾಯಿಂದ ನಗು ಸಿಡಿಯಿತು. “ಮೊಟ್ಟಿ ಇಟ್ಟದ್ದ್ ನೀನಾ! ಹ್ವಾಯ್ ಅಮ್ಮ, ಹಂಗಾರೆ ತಪ್ಪ್ ಹೇಂಟಿ ಕೊಯ್ದದ್ದ್ ನಾವ್!” ಅಮ್ಮ ಬಾಯಿಗೆ ಎಡಗೈ ಅಡ್ಡ ಹಿಡಿದು ಮೈಯೆಲ್ಲ ಕುಲುಕಿಸಿ ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ. “ಇವ್ನ ಸಂಗ್ತಿ ಉಂಬುಕೂ ಆಪ್ದಿಲ್ಲೆ!” ಯತೀಶ ಮತ್ತೊಮ್ಮೆ ಹೇಳಿದ, ಬೇರೆ ಶಬ್ದ ಹುಡುಕಿ, “ಇಲ್ಲ ಅಮ್ಮ, ನಿಜ್ವಾಗಿಯೂ, ಅದ್ ಮಾಡ್ದದ್ದ್ ನಾನ್, ಅತ್ಗಿಯದ್ದ್ ಎಂತದೂ ತಪ್ಪಿಲ್ಲೆ.” ಜಿತೇಂದ್ರ ಬೆನ್ನು ತಟ್ಟಿದ. “ವಾಹ್. ಆ್ಯಕ್ಟಿಂಗ್ ಸುಧಾರ್ಸಿದೆ ಮಾರಾಯ, ಕಣ್ಣಂಗೆ ನೀರೂ ಬಂತ್. ಯಾವ್ ಪಿಚ್ಚರಿಂದ್ ಇದ್? ನಮ್ ಭಾಷಿಯಂಗೂ ಬತ್ತಾ ಈಗ್ಳ್?”

ಯಾವ ಪಿಚ್ಚರಿನದೂ ಅಲ್ಲ ಎಂದು ಹೇಳಲು ಅವನಿಗೆ ಇನ್ನೊಂದು ವಾಕ್ಯ ಇರಲಿಲ್ಲ. ಇದ್ದದ್ದು ಅದೊಂದೇ, ಅದನ್ನು ಹೇಳಿ ಆಗಿತ್ತು. ತಟ್ಟೆಯಲ್ಲಿ ಹಳದಿ ಗುಂಡುಗಳು ಸಾರಿನಲ್ಲಿ ಅರ್ಧ ಮುಳುಗಿ ಕೂತಿದ್ದವು. ಅವನು ದೊಡ್ಡದನ್ನು ಬಾಯಿಗೆ ಹಾಕಿಕೊಂಡ. ಒಣ ಹಿಟ್ಟಿನ ಹಾಗೆ ಅದು ಅಂಗುಳಿಗೆ ಅಂಟಿತು. ಎದುರಿಗೆ ಅಮಿತಾ ಸೌಟು ಹಿಡಿದು ಬಗ್ಗಿದ್ದಳು. ಈ ಸಲ ಅವಳೊಬ್ಬಳು ನಕ್ಕಿರಲಿಲ್ಲ. “ಇನ್ನೊಂಚೂರ್ ಸಾರ್ ಹಾಕ್ಲ್ಯಾ?” ಎಂದು ದಿನಾ ಕೇಳುವ ದನಿಯಲ್ಲೇ ಕೇಳಿದಳು.

ಹೊರಗೆ ಹೆಡಿಗೆಯ ಕಡೆಯಿಂದ ಚುಕ್ಕಿ ಕೂಗತೊಡಗಿತು. ಊರಿಗೆಲ್ಲ ಕೇಳುವ ಹಾಗೆ, ಮೇಲಿಂದ ಮೇಲೆ, ಕೊಕ್ಕೊಕ್ಕೊಕ್ಕೋ ಎಂದು.

“ಮೊಟ್ಟಿ ಇಡ್ತ್ ಕಾಣ್” ಅಂದಳು ಅಮ್ಮ, ಇನ್ನೂ ಕಣ್ಣೊರೆಸಿಕೊಳ್ಳುತ್ತ.

“ಇಲ್ಲ ಅತ್ತೆ” ಅಂದಳು ಅಮಿತಾ, ಅವನ ತಟ್ಟೆಗೆ ಸಾರು ಬಿಡುತ್ತ. “ಬರೀ ಕೂಗುದ್.”